ನಕ್ಷೆಯಲ್ಲಿ ಇಲ್ಲದ ಬಾವಿ

ಇತಿಹಾಸದಲ್ಲಿ ಎಂ.ಎ. ಮಾಡುತ್ತೇನೆ ಅಂದಾಗ ನಮ್ಮ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ದೊಡ್ಡಪ್ಪ ಮಾತ್ರ ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡೇ, "ಆಗಿದ್ದು ಆಗೋಯ್ತು, ಅದ್ನೇನ್ ಓದೀಯವ್ವಾ" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ತಮಾಷೆಗೆ ಅಂದರು ಅಂತಲೇ ಆಗ ಅಂದುಕೊಂಡಿದ್ದು.

ಎರಡು ಸಾವಿರದ ಇಸವಿ ದಾಟಿ, ಮಳೆ ಮೇಲಿಂದ ಮೇಲೆ ಕೈಕೊಟ್ಟ ಕಾಲ ಅದು. ನಾನು ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದೆ. ಇಡೀ ಪ್ರಪಂಚದ ಇತಿಹಾಸ ಜೆರಾಕ್ಸ್ ನೋಟ್ಸಾಗಿ ನಮ್ಮ ಮಡಿಲಿಗೆ ಬಂದು ಬೀಳುತ್ತಿತ್ತು. ಪ್ಯಾರಿಸ್ಸಿನ ಜನ ಯಾವ ಬೀದಿಯಿಂದ ಹೊರಟು ಯಾವ ಕೋಟೆಗೆ ನುಗ್ಗಿದರು, ಮಹಾಯುದ್ಧದಲ್ಲಿ ಕಂದಕಗಳನ್ನು ಎಲ್ಲಿಂದ ಎಲ್ಲಿಗೆ ತೋಡಿದರು, ಎಲ್ಲ ಬಾಯಿಪಾಠ. ನನ್ನ ರೂಮಿನವಳು ಹಿರೀಸಾವೆಯವಳು. ಹೆದ್ದಾರಿ ಪಕ್ಕದಲ್ಲಿ ಅವರಪ್ಪನ ಹೋಟೆಲಿತ್ತು. "ಲೇ, ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡ್ ದಾಟುದ್ರೆ ನಂಗೆ ದಾರಿ ಗೊತ್ತಾಗಲ್ಲ ಕಣೇ. ಬರ್ಲಿನ್ ಗಲ್ಲಿಗಲ್ಲಿ ಕೇಳು, ಏಳ್ತೀನಿ" ಅಂತ ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುತ್ತಿದ್ದಳು.

ನಮಗೆ ಪಾಠ ಮಾಡುತ್ತಿದ್ದ ಮೇಡಂ ಹೊಳೆನರಸೀಪುರದವರು. ದೇವಸ್ಥಾನದ ಬೀದಿಯ ಮನೆ, ಅರ್ಚಕರ ಮಗಳು. ದಿನಾ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಒಳ್ಳೆಯ ಹೆಂಗಸು. ಆದರೆ ಒಂದು ಸಲ ತಲೆಗೆ ಹತ್ತಿದ್ದು ಇಳಿಯುತ್ತಿರಲಿಲ್ಲ. ಎಲ್ಲೋ ತರಬೇತಿಗೆ ಹೋಗಿ ಬಂದವರು 'ಸಾರ್ವಜನಿಕ ಇತಿಹಾಸ' ಎನ್ನುವ ಹೊಸ ಮಾತು ಹೊತ್ತು ತಂದರು. ಇತಿಹಾಸ ಅಂದರೆ ಪರೀಕ್ಷೆಗೆ ಬರೆಯುವ ಸರಕಲ್ಲ. ಅದನ್ನು ಬಾಳಿದ ಜನರ ಜೊತೆಗೆ ಕೂತು ಕಟ್ಟಬೇಕು, ಕಟ್ಟಿದ್ದನ್ನು ಆ ಜನರ ಕೈಗೇ ತಿರುಗಿ ಕೊಡಬೇಕು ಅಂತ ವಾರಗಟ್ಟಲೆ ಹೇಳಿದರು. ಹೇಳಿ ಹೇಳಿ ಸಾಕಾಗಿ ಒಂದು ದಿನ ನಮ್ಮನ್ನೆಲ್ಲ ಬಸ್ಸಿಗೆ ತುಂಬಿಕೊಂಡು ಶೆಟ್ಟಿಹಳ್ಳಿಗೆ ಹೊರಟೇಬಿಟ್ಟರು.

ಹೇಮಾವತಿಯ ಹಿನ್ನೀರು ಪಾಳು ಚರ್ಚನ್ನು ಬಿಟ್ಟು ದೂರ ಸರಿದಿತ್ತು. ಬಿರಿದ ಮಣ್ಣಿನ ಮೇಲೆ ಜನ ಫೋಟೋ ತೆಗೆಸಿಕೊಳ್ಳುತ್ತಿದ್ದರು. "ಇದನ್ನ ನೋಡೋಕೆ ಎಲ್ಲೆಲ್ಲಿಂದಲೋ ಬರ್ತಾರೆ. ಮುಳುಗಿದ ಮನೆಗಳನ್ನ ಕೇಳೋರು ಯಾರು? ನಿಮ್ಮಲ್ಲಿ ಮುಳುಗಡೆಯವರು ಯಾರಾದ್ರೂ ಇದ್ದೀರಾ?" ಎಂದರು ಮೇಡಂ. ನಾನು ಕಮಕ್ ಕಿಮಕ್ ಅನ್ನದೆ ನಿಂತಿದ್ದೆ. ರೂಮಿನವಳು ನನ್ನ ಕೈಯನ್ನು ಹಿಡಿದು ಮೇಲಕ್ಕೆತ್ತಿ, "ಇವ್ಳು ಇದಾಳೆ ಮೇಡಂ!" ಅಂದಳು. ಅಲ್ಲಿಂದ ಶುರುವಾಯಿತು.

ನಮ್ಮ ಹಳೆಯ ಊರು ಅದೇ ಹಿನ್ನೀರಿನ ಇನ್ನೊಂದು ಮಗ್ಗುಲಲ್ಲಿತ್ತು. ನಾನು ಹುಟ್ಟುವ ಮೊದಲೇ ಮುಳುಗಿತು. ಊರಿನವರಿಗೆ ಅರಕಲಗೂಡು ತಾಲ್ಲೂಕಿನಲ್ಲಿ, ಕೊಣನೂರಿನ ಹತ್ತಿರ, ಜಾಗ ಕೊಟ್ಟರು. ಎಲ್ಲರೂ ಒಟ್ಟಿಗೆ ಬಂದು ಕಾಲೊನಿ ಕಟ್ಟಿಕೊಂಡರು. ನಮ್ಮದು ಪಟೇಲರ ಮನೆ. ಪಟೇಲಿಕೆ ಹೋಗಿ ಎಷ್ಟೋ ಕಾಲವಾಗಿದ್ದರೂ ಕಾಲೊನಿಯಲ್ಲಿ ದೊಡ್ಡಪ್ಪನ ಮಾತಿಗೆ ಎದುರು ಮಾತಿರಲಿಲ್ಲ. ನನ್ನಪ್ಪ ಅವರ ತಮ್ಮ. ಚಿಕ್ಕಂದಿನಿಂದ ಓದಿಗಾಗಿ ಊರ ಹೊರಗೇ ಬೆಳೆದು ಅರಕಲಗೂಡಿನಲ್ಲಿ ಮೇಷ್ಟ್ರಾದವರು. ಹಳೆಯ ಊರಿನ ಬಗ್ಗೆ ಅವರಿಗೆ ನನಗಿಂತ ಹೆಚ್ಚೇನೂ ಗೊತ್ತಿರಲಿಲ್ಲ.

ಮೇಡಂ ಟೇಪ್ ರೆಕಾರ್ಡರ್ ಹಿಡಿದು ಕಾಲೊನಿಗೆ ಬಂದರು. ದೊಡ್ಡಪ್ಪ ಜಗಲಿಯ ಕಂಬಕ್ಕೆ ಒರಗಿ ಕೂತರೆ ಊರಿನ ಹಿರಿಯರೆಲ್ಲ ಅವರ ಎಡಬಲಕ್ಕೆ. ಅವರು ಬಾಯಿ ಬಿಟ್ಟ ಮೇಲೇ ಉಳಿದವರದು. ಅವರು ಹೇಳಿದ್ದಕ್ಕೆ ಹೂಂ ಅನ್ನುವುದು, ಇಲ್ಲವೇ ನೆಲ ನೋಡುತ್ತ ಸುಮ್ಮನಿರುವುದು. ನಮ್ಮ ಕಡೆ ಹಿರಿಯರ ಎದುರಿಗೆ ಅವರ ಮಾತನ್ನು ತಿದ್ದುವುದೆಂದರೆ ಮುಖಕ್ಕೆ ಹೊಡೆದ ಹಾಗೆ. ಮೇಡಂ ಅದನ್ನು ಒಗ್ಗಟ್ಟು ಅಂದುಕೊಂಡರು. "ಒಬ್ಬೊಬ್ಬರ ಮನೆಗೂ ಹೋಗಿ ಬೇರೆ ಬೇರೆ ಕೇಳೋಣ ಮೇಡಂ" ಅಂದೆ. "ಬೇಡಮ್ಮ, ಗುಂಪಲ್ಲಿ ಕೂತರೆ ಒಬ್ಬರ ನೆನಪು ಇನ್ನೊಬ್ಬರ ನೆನಪನ್ನ ಎಬ್ಬಿಸುತ್ತೆ" ಅಂದರು. ನನಗೆ ಸಿಟ್ಟು ಬಂತು. ಆ ಜಗಲಿಯ ಮೇಲೆ ಯಾವ ನೆನಪು ಏಳುತ್ತೆ, ಯಾವುದು ಮಲಗುತ್ತೆ ಅನ್ನುವುದನ್ನು ಹುಟ್ಟಿದಾಗಿನಿಂದ ನೋಡಿದವಳು ನಾನು.

ಆಮೇಲೆ ನಕ್ಷೆ. ದೊಡ್ಡ ಕೋರಾ ಬಟ್ಟೆಯನ್ನು ಅಂಗಳದಲ್ಲಿ ಹಾಸಿ, ಮುಳುಗಿದ ಊರನ್ನು ಹಿರಿಯರ ಬಾಯಿಂದ ಕೇಳಿ ಬರೆಯುವುದು ಅಂತಾಯಿತು. ರೂಮಿನವಳ ಕೈಯಲ್ಲಿ ಬಣ್ಣ, ಬ್ರಷ್ಷು. ದೊಡ್ಡಪ್ಪ ಕೋಲಿನ ತುದಿಯಲ್ಲಿ ತೋರಿಸುತ್ತ ಹೋದರು. ಊರಮ್ಮನ ಗುಡಿ ಇಲ್ಲಿ, ಅರಳಿಕಟ್ಟೆ ಇಲ್ಲಿ, ಕೆರೆ ಏರಿ ಇಲ್ಲಿಂದ ಇಲ್ಲಿಗಂಟ. ಮುದುಕಿಯರು ಬಟ್ಟೆಯ ಮೇಲೆ ಬಗ್ಗಿ ತಮ್ಮ ಮನೆಯ ಜಾಗ ಮುಟ್ಟಿ ಕಣ್ಣೀರು ಹಾಕಿದರು. ನಾನೂ ಕಣ್ಣೊರೆಸಿಕೊಂಡೆ, ಸುಳ್ಳೇಕೆ ಹೇಳಲಿ.

"ಗುಡಿಯಿಂದ ನಮ್ಮನೆಗೆ ನೆಟ್ಟುಗೆ ಒಂದ್ ಗೆರೆ ಎಳಿ ಮಗ. ಅದೇ ದಾರಿ" ಅಂದರು ದೊಡ್ಡಪ್ಪ.

ರೂಮಿನವಳು ಎಳೆದಳು. ಎಳೆದು, ಬ್ರಷ್ ಎತ್ತಿ, "ದೊಡ್ಡಪ್ಪಾ, ದಾರಿ ಅಕ್ಕಪಕ್ಕ ಇಷ್ಟಗಲ ಬೆಳ್ಳಗೆ ಉಳ್ಕಂತಲ್ಲ, ಏನಿತ್ತು ಇಲ್ಲಿ?" ಅಂದಳು.

"ಏನಿರ್ಲಿಲ್ಲ. ಬಯ್ಲು."

ಅಲ್ಲಿಯವರೆಗೂ ನನ್ನ ಮನೆ, ನಿನ್ನ ಮನೆ ಅಂತ ಗಲಗಲ ಅನ್ನುತ್ತಿದ್ದ ಜನ ಒಮ್ಮೆಗೇ ಸುಮ್ಮನಾದರು. ಒಬ್ಬ ಮುದುಕಿ ಎಲೆಅಡಿಕೆ ತಟ್ಟೆ ಎತ್ತಿಕೊಂಡು ಒಳಗೆ ಹೋದವಳು ಈಚೆಗೆ ಬರಲೇ ಇಲ್ಲ. ದೊಡ್ಡಪ್ಪ ನೀರು ಕೇಳಿ, ಕುಡಿದು, "ಸಾಕು ಇವತ್ಗೆ" ಅಂದರು. ಕ್ಯಾಸೆಟ್ಟು ಇನ್ನೂ ತಿರುಗುತ್ತಿತ್ತು.

ಆ ನಕ್ಷೆಯನ್ನು ಹಾಸನದಲ್ಲಿ ಕಾಲೇಜಿನ ಹಾಲಿನ ಗೋಡೆಗೆ ತೂಗಿಹಾಕಿದೆವು. ಕಾಲೊನಿಯ ಹಿರಿಯರನ್ನು ಟೆಂಪೋ ಮಾಡಿ ಕರೆಸಿದೆವು. ದೊಡ್ಡ ದೊಡ್ಡವರು ಬಂದು ನೋಡಿ ಬೆನ್ನು ತಟ್ಟಿದರು. ಮೇಡಂ ಮುಖದಲ್ಲಿ ಏನು ಕಳೆ! ಹಿರಿಯರ ಪೈಕಿ ಯಾರೋ, "ನೀರು ಇಳ್ದದಂತೆ. ಊರಮ್ಮನ ಗುಡಿ ಅಡಿಪಾಯ ಕಾಣ್ತದಂತೆ. ಓಗಿ ಒಂದ್ ತಂಬಿಟ್ಟಿನಾರ್ತಿ ಎತ್ಕಂಡ್ ಬರಾನ ಕಣ್ರಪ್ಪ" ಅಂದರು. ಹೆಂಗಸರೆಲ್ಲ ಹೌದು ಹೌದು ಅಂದರು. ಮೇಡಂ ಅಲ್ಲೇ ದಿನ ಗೊತ್ತು ಮಾಡಿಬಿಟ್ಟರು: ಇಡೀ ಊರು, ಇಡೀ ಕ್ಲಾಸು, ನಕ್ಷೆ ಹಿಡಿದುಕೊಂಡು ಹಿನ್ನೀರು ಇಳಿದ ನೆಲದಲ್ಲಿ ಹಳೆಯ ಊರನ್ನು ನಡೆದು ನೋಡುವುದು. ದೊಡ್ಡಪ್ಪ ಬೇಡ ಅನ್ನಲಿಲ್ಲ. ಹೂಂ ಅಂತಲೂ ಅನ್ನಲಿಲ್ಲ.

ಹೋಗುವ ಹಿಂದಿನ ದಿನ ನಾನು ಕಾಲೊನಿಗೆ ಬಂದಿದ್ದೆ. ಮಧ್ಯಾಹ್ನ ಅಡಿಗೆಮನೆಯಲ್ಲಿ ದೊಡ್ಡಮ್ಮ ತಂಬಿಟ್ಟಿಗೆ ಅಕ್ಕಿಹಿಟ್ಟು, ಬೆಲ್ಲ ಕಲಸುತ್ತಿದ್ದರು. ದೊಡ್ಡಪ್ಪ ಊಟ ಮಾಡಿ ಹೊರಗೆ ಮಲಗಿದ್ದರು. ದೊಡ್ಡಮ್ಮ ಬಾಗಿಲ ಕಡೆ ಒಂದು ಸಲ ನೋಡಿ, ತಲೆ ತಗ್ಗಿಸಿಕೊಂಡೇ ಮೆಲ್ಲಗೆ ಅಂದರು: "ನಾಳಿಕ್ಕೆ ಗುಡಿಯಿಂದ ನಮ್ಮನೆ ಕಡೀಕೆ ನೆಟ್ಟುಗೆ ಯಾರ್ನೂ ನಡಿಯಾಕೆ ಬಿಡ್ಬ್ಯಾಡ."

"ಯಾಕೆ?"

"ದಾರಿ ನೆಟ್ಟುಗಿರ್ಲಿಲ್ಲ ಕಣವ್ವ. ಬಳಸ್ಕಂಡು ಬರ್ಬೇಕಾಗಿತ್ತು. ನಡುಮಧ್ಯ ನಮ್ ತ್ವಾಟದ ಬಾವಿ ಇತ್ತು. ತೊಲೆ ಅಡ್ಡ ಆಕಿ, ಮ್ಯಾಲೆ ಮಣ್ಣು ಎಳ್ದಿದ್ರು."

ತೊಲೆ ಎಂದರೆ ಮರ. ಅಷ್ಟು ವರ್ಷ ನೀರಲ್ಲಿ ನೆನೆದ ಮರ. ಅದರ ಮೇಲೆ ಕೂತ ಹೂಳು, ಬಿಸಿಲಿಗೆ ಮೇಲ್ಮೈ ಒಣಗಿ ಬಿರಿದು, ಸುತ್ತಲ ನೆಲದ ಹಾಗೇ ಕಾಣುತ್ತದೆ. ಕೆಳಗೆ ಇರುವುದೆಲ್ಲ ಅಂಬಲಿ. ಕಾಲಿಟ್ಟವರು ಸೀದಾ ಒಳಕ್ಕೆ. ನಾವು ಬರೆದ ಗೆರೆ ಅದರ ಮೇಲೇ ಹಾದು ಹೋಗಿತ್ತು.

"ಯಾವಾಗ ಮುಚ್ಚಿದ್ದು ದೊಡ್ಡಮ್ಮ? ಯಾಕೆ ಮುಚ್ಚಿದ್ರು?"

"ನಾನು ಮದ್ವೆಯಾಗಿ ಬಂದ ವರ್ಷ. ನಿಮ್ ಅತ್ತೆ ಓದ್ಲಲ್ಲ, ಆ ಬ್ಯಾಸ್ಗೆ." ಅಷ್ಟು ಹೇಳಿ ಅವರು ಉಂಡೆ ಕಟ್ಟತೊಡಗಿದರು.

ನಮಗೆ ಒಬ್ಬಳು ಅತ್ತೆ ಇದ್ದಳು. ದೊಡ್ಡಪ್ಪನಿಗೂ ನನ್ನಪ್ಪನಿಗೂ ನಡುವಿನವಳು. ಇನ್ನೊಂದು ಕೇರಿಯ ಯಾರ ಹಿಂದೆಯೋ ಕೊಡಗಿನ ಕಡೆ ಓಡಿಹೋದಳು, ನಮ್ಮ ಪಾಲಿಗೆ ಇಲ್ಲ, ಅಷ್ಟೇ ನಾವು ಕೇಳಿದ್ದು. ಅವಳ ಮಾತು ಎತ್ತಿದ ಮಕ್ಕಳಿಗೆ ತಲೆಗೆ ಮೊಟಕು ಬೀಳುತ್ತಿತ್ತು. ಕೊಡಗಿಗೆ ಹೋದವಳು ಬಾವಿ ಮುಚ್ಚಿಸಿ ಹೋಗುತ್ತಾಳೆಯೇ? ಅತ್ತೆ ಆ ಬಾವಿಗೆ ಬಿದ್ದು ಸತ್ತಿದ್ದಾಳೆ, ಮನೆಯವರು ಮಾನಕ್ಕೆ ಅಂಜಿ ಮುಚ್ಚಿದ್ದಾರೆ ಅಂತ ನನಗೆ ಅಲ್ಲಿ ನಿಂತಲ್ಲೇ ಹೊಳೆಯಿತು. ಹೊಳೆದದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ನಾಳೆ. ನಾಳೆ ಅಲ್ಲಿ ನಡೆಯುವವರು ಜೀವಂತ ಜನ.

ಸೀದಾ ಹೊರಗೆ ಹೋದೆ. ದೊಡ್ಡಪ್ಪ ಎದ್ದು ಕೂತಿದ್ದರು. "ದೊಡ್ಡಪ್ಪ, ಗುಡಿಗೂ ನಮ್ಮನೆಗೂ ನಡುವೆ ಬಾವಿ ಇತ್ತಾ?" ಅಂತ ಕೇಳಿಯೇಬಿಟ್ಟೆ.

ಅವರು ನನ್ನ ಮುಖ ನೋಡಲಿಲ್ಲ. "ಯಾರಂದ್ರು?"

"ಯಾರೋ ಅಂದ್ರು. ಇತ್ತಾ ಇಲ್ವಾ?"

"ಅಲ್ಲಿ ಬಾವಿ ಗೀವಿ ಏನಿರ್ಲಿಲ್ಲ ಕಣವ್ವ. ಓಗು, ಒಳೀಕ್ಕೋಗು."

ಆ "ಓಗು" ಅನ್ನು ನಾನು ಮರೆತಿಲ್ಲ. ಬೈಗುಳವಾಗಿರಲಿಲ್ಲ, ಬೇಡಿಕೊಳ್ಳುವ ದನಿ ಅದು. ದೊಡ್ಡಪ್ಪ ಯಾರನ್ನೂ ಬೇಡಿದ್ದನ್ನು ಅದಕ್ಕೆ ಮೊದಲು ನಾನು ಕೇಳಿರಲಿಲ್ಲ.

ಬೆಳಿಗ್ಗೆ ಹಿನ್ನೀರಿನ ದಡದಲ್ಲಿ ಮೇಡಂ ಬಸ್ಸಿಳಿಯುತ್ತಿದ್ದ ಹಾಗೇ ಪಕ್ಕಕ್ಕೆ ಎಳೆದುಕೊಂಡು ಎಲ್ಲ ಹೇಳಿದೆ, ದೊಡ್ಡಮ್ಮನ ಹೆಸರೊಂದು ಬಿಟ್ಟು. ಅತ್ತೆಯ ವಿಷಯವನ್ನೂ ಹೇಳಿದೆ. ಮೇಡಂ ಗಾಬರಿಯಾದರು, ನಿಜ. ಆದರೆ ಮಾಡಿದ್ದೇನು? ನೇರ ದೊಡ್ಡಪ್ಪನ ಹತ್ತಿರ ಹೋಗಿ, ಅಷ್ಟೂ ಜನರ ಎದುರಿಗೆ, "ಯಜಮಾನರೇ, ದಾರಿಯಲ್ಲಿ ಹಳೇ ಬಾವಿ ಏನಾದ್ರೂ ಇದೆಯಾ? ಮಕ್ಕಳು ನಡೀತಾರೆ" ಅಂತ ಕೇಳಿದರು.

"ಇಲ್ಲ ಮೇಡಮ್ಮೋರೆ" ಅಂದರು ದೊಡ್ಡಪ್ಪ.

ಮೇಡಂ ಉಳಿದವರ ಕಡೆ ತಿರುಗಿದರು. "ಇಲ್ಲ, ಇಲ್ಲ" ಅಂದರು ಹಿರಿಯರೆಲ್ಲ. ದೊಡ್ಡಪ್ಪನ ಎದುರಿಗೆ ಇನ್ನೇನಂದಾರು? ದೊಡ್ಡಮ್ಮ ತಂಬಿಟ್ಟಿನ ತಟ್ಟೆಗೆ ಬಾಳೆಎಲೆ ಮುಚ್ಚುತ್ತಿದ್ದರು, ತಲೆ ಎತ್ತಲಿಲ್ಲ. "ನೋಡಮ್ಮ, ಊರಿಗೆ ಊರೇ ಇಲ್ಲ ಅಂತಿದೆ. ನೀನು ಸುಮ್ಮನೆ ಹೆದರಿದ್ದೀಯ" ಎಂದು ಮೇಡಂ ನನ್ನ ಭುಜ ತಟ್ಟಿದರು. ಊರಿಗೆ ಊರೇ ಒಂದೇ ಮಾತು ಹೇಳಿದರೆ ಹೆದರಬೇಕಪ್ಪ, ನಂಬಬೇಕಾ? ರೂಮಿನವಳ ಕೈ ಗಟ್ಟಿಯಾಗಿ ಹಿಡಿದುಕೊಂಡು, "ನನ್ನ ಬಿಟ್ಟು ಒಂದು ಹೆಜ್ಜೆ ಆಚೀಚೆ ಹೋದ್ರೆ ನೋಡು" ಅಂದೆ. "ಏನಾಗದೆ ನಿಂಗೆ ಬೆಳಿಗ್ಗೆ ಬೆಳಿಗ್ಗೇನೇ?" ಅಂದಳು. ಹೇಳಿದೆ. ಆಮೇಲೆ ಅವಳೇ ನನ್ನ ಕೈ ಬಿಡಲಿಲ್ಲ.

ನೀರು ಇಳಿದ ನೆಲ ಕಣ್ಣು ಹಾಯುವವರೆಗೂ ಬೂದಿ ಬಣ್ಣಕ್ಕೆ ತಿರುಗಿತ್ತು. ಅಲ್ಲಲ್ಲಿ ಸತ್ತ ಮರಗಳ ಬೊಡ್ಡೆ, ಗೋಡೆಯ ತಳಪಾಯದ ಕಲ್ಲು. ಒಂದು ಹಕ್ಕಿ ಸದ್ದೂ ಇಲ್ಲ. ಮುಂದೆ ದೊಡ್ಡಪ್ಪ ಕೋಲೂರಿಕೊಂಡು, ಹಿಂದೆ ತಟ್ಟೆ ಹೊತ್ತ ಹೆಂಗಸರು, ಆಮೇಲೆ ನಾವು. ನಕ್ಷೆಯನ್ನು ಎರಡು ಗಳಕ್ಕೆ ಕಟ್ಟಿ ಹುಡುಗರಿಬ್ಬರು ಎತ್ತಿ ಹಿಡಿದಿದ್ದರು. ನಾವು ಇಳಿದದ್ದು ನಮ್ಮ ಹಳೆಯ ಮನೆಯ ಕಡೆಯಿಂದ. ಮನೆಯ ಹೊಸ್ತಿಲ ಕಲ್ಲು ಹಾಗೇ ಇತ್ತು. ಅಲ್ಲಿಂದ ಎದುರಿಗೆ ಗುಡಿಯ ಅಡಿಪಾಯ ಚೆನ್ನಾಗಿ ಕಾಣುತ್ತಿತ್ತು. ನೆಟ್ಟಗೆ ನಡೆದರೆ ಹತ್ತಿರ.

ದೊಡ್ಡಪ್ಪ ನೆಟ್ಟಗೆ ನಡೆಯಲಿಲ್ಲ. ಹೊಸ್ತಿಲು ದಾಟಿದವರೇ ಎಡಕ್ಕೆ ತಿರುಗಿದರು. ಅವರ ಹಿಂದಿನವರೂ ತಿರುಗಿದರು. ನೋಡುತ್ತಿದ್ದ ಹಾಗೆ ಊರಿನ ಪ್ರತಿಯೊಬ್ಬ ಮುದುಕ, ಪ್ರತಿಯೊಬ್ಬ ಮುದುಕಿ, ಯಾರೂ ಯಾರಿಗೂ ಹೇಳದೆ, ಖಾಲಿ ಬಯಲಿನ ನಡುವೆ ಏನನ್ನೋ ಬಳಸಿಕೊಂಡು, ದೊಡ್ಡ ಸುತ್ತು ಹಾಕಿ ನಡೆದರು. ಒಬ್ಬರೂ ಆ ಕಡೆ ತಿರುಗಿ ನೋಡಲಿಲ್ಲ. "ಎಲ್ರಿಗೂ ಗೊತ್ತು ಕಣೇ" ಎಂದು ರೂಮಿನವಳು ಪಿಸುಗುಟ್ಟಿದಳು. ಮೇಡಂ, "ಯಾಕೆ ಸುತ್ತಿ ಹೋಗ್ತಿದ್ದೀವಿ?" ಅಂದಾಗ ಯಾರೋ "ಅಲ್ಲಿ ಕೆಸರದೆ" ಅಂದರು. ಮೇಡಂ ಆ ಕಡೆ ನೋಡಿದರು. ಮಣ್ಣು ಒಣಗಿ ಬಿರಿದಿತ್ತು.

ಆರತಿ ಆಯಿತು, ಕಾಯಿ ಒಡೆದರು. ಹೆಂಗಸರು ಅಡಿಪಾಯದ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಒಬ್ಬರನ್ನೊಬ್ಬರು ತಬ್ಬಿಕೊಂಡರು. ತಂಬಿಟ್ಟು ಹಂಚುತ್ತಿದ್ದ ಗಡಿಬಿಡಿಯಲ್ಲಿ ನಾನು ಒಂದು ಗಳಿಗೆ ಮೈಮರೆತೆ. ತಲೆ ಎತ್ತಿದರೆ ಮೇಡಂ ಇಲ್ಲ. ನಕ್ಷೆಯ ಒಂದು ಗಳವನ್ನು ತಾವೇ ಹಿಡಿದುಕೊಂಡು, ಇನ್ನೊಂದನ್ನು ಹುಡುಗನೊಬ್ಬನ ಕೈಯಲ್ಲಿ ಹಿಡಿಸಿ, ಗುಡಿಯಿಂದ ನಮ್ಮ ಮನೆಯ ಕಡೆಗೆ ನೆಟ್ಟಗೆ ಹೊರಟುಬಿಟ್ಟಿದ್ದರು. "ಇದೇ ದಾರಿ! ನಕ್ಷೆ ಸಮೇತ ಒಂದು ಫೋಟೋ ಬೇಕು" ಅಂತ ತಿರುಗಿ ತಿರುಗಿ ನಗುತ್ತಿದ್ದರು.

"ಮೇಡಂ, ಬೇಡ!" ಅಂತ ಕಿರುಚಿದೆ. "ಏನೂ ಆಗಲ್ಲ ಬಾರಮ್ಮ!" ಅಂದರು. ನಾನು ಊರಿನವರ ಕಡೆ ನೋಡಿದೆ. ತಂಬಿಟ್ಟು ಹಿಡಿದ ಕೈಗಳು ಹಾಗೇ ನಿಂತಿದ್ದವು. ಯಾರೂ ಬಾಯಿ ಬಿಡಲಿಲ್ಲ. ಎಲ್ಲರೂ ದೊಡ್ಡಪ್ಪನನ್ನು ನೋಡುತ್ತಿದ್ದರು. ನಾನು ಅವರ ತೋಳು ಹಿಡಿದು ಅಲುಗಾಡಿಸಿ, "ಹೇಳಿ ದೊಡ್ಡಪ್ಪ! ಸಾಯ್ತಾರೆ ಅವರು, ಹೇಳಿ!" ಅಂದೆ. ಅವರ ತುಟಿ ಅಲುಗಿತು, ಸದ್ದು ಬರಲಿಲ್ಲ. ಮೇಡಂ ಇನ್ನೂ ನಾಲ್ಕು ಹೆಜ್ಜೆ ಹೋದರು.

ಆಗ ಬಂತು ಕೂಗು. ಅದು ದೊಡ್ಡಪ್ಪನ ದನಿ ಅಂತ ತಿಳಿಯಲು ನನಗೆ ಹೊತ್ತು ಹಿಡಿಯಿತು.

"ಅಲ್ ಬ್ಯಾಡಾ! ಮೇಡಮ್ಮೋರೇ, ಅಲ್ ಬ್ಯಾಡಾ! ನನ್ ತಂಗಿ ಅವ್ಳೆ ಅಲ್ಲಿ!"

ಮೇಡಂ ನಿಂತರು. ನಿಂತಲ್ಲೇ ಅವರ ಒಂದು ಕಾಲು ತೊಡೆಯವರೆಗೂ ಒಳಕ್ಕೆ ಹೋಯಿತು. ಹಿಂದಕ್ಕೆ ಬಿದ್ದದ್ದೇ ಅವರ ಪುಣ್ಯ. ಹುಡುಗ ನಕ್ಷೆಯ ಗಳವನ್ನು ಅಡ್ಡ ಹಾಕಿದ, ನಾವು ಹೊಟ್ಟೆಯ ಮೇಲೆ ಮಲಗಿ ತೋಳು ಹಿಡಿದು ಎಳೆದೆವು. ಕಾಲು ಹೋಗಿದ್ದ ಜಾಗ ಬಾಯಿ ಬಿಟ್ಟಿತ್ತು. ಅದರಲ್ಲಿ ಕಪ್ಪಗೆ ಕೊಳೆತ ಒಂದು ತೊಲೆಯ ತುದಿ, ಹಳೆಯ ನೀರಿನ ಕೆಟ್ಟ ವಾಸನೆ.

ಮೇಡಂ ಕೆಸರು ಮೆತ್ತಿದ ಸೀರೆಯಲ್ಲಿ ಗುಡಿಯ ಕಲ್ಲಿನ ಮೇಲೆ ಕೂತಿದ್ದರು. ದೊಡ್ಡಪ್ಪ ಅವರ ಎದುರಿಗೆ ಬರಿ ನೆಲದ ಮೇಲೆ ಕುಕ್ಕರಿಸಿದ್ದರು. ಮೇಡಂ ಮೆತ್ತಗೆ ಕೇಳಿದರು: "ನಿಮ್ಮ ತಂಗಿ... ಬಿದ್ದು ತೀರಿಕೊಂಡ್ರಾ ಯಜಮಾನರೇ?"

"ನಾವು ಅಟ್ಟಿಸ್ಕಂಡು ಬಂದ್ವು. ಓಡ್ತಾ ಬಿದ್ಲು" ಅಂದರು ದೊಡ್ಡಪ್ಪ. "ಅಗ್ಗ ಬಿಟ್ಟಿದ್ರೆ ಮ್ಯಾಕೆ ಬತ್ತಿದ್ಲು. ನಮ್ಮಪ್ಪ ತೊಲೆ ತನ್ನಿ ಅಂದ. ತಂದೆ. ಮಣ್ಣು ಎಳಿಯಾವಾಗ್ಲೂ ಅಣ್ಣಾ ಅಂತ ಕೂಗ್ತಿದ್ಲು."

ಸುತ್ತ ಕೂತಿದ್ದ ಹಿರಿಯರನ್ನು ನೋಡಿದೆ. ಒಬ್ಬರ ಮುಖದಲ್ಲೂ ಆಶ್ಚರ್ಯವಿರಲಿಲ್ಲ. ದೊಡ್ಡಮ್ಮ ಗಂಡನ ಪಕ್ಕಕ್ಕೆ ಬಂದು ಕೂತು, ಸೆರಗಿನಿಂದ ಅವರ ಮುಖ ಒರೆಸಿ, ಮೇಡಂ ಕಡೆಗೆ ತಿರುಗಿದರು.

"ಇವ್ರೊಬ್ರಿಗೇ ಅಲ್ಲ ಕಣವ್ವ" ಅಂದರು. "ಊರ್ಗೆಲ್ಲಾ ಕೇಳುಸ್ತಿತ್ತು."